ಚೀಟಿ

ಕೂತುಕೊಳ್ಳಿ, ಪ್ರಿಚೆಟ್ ಅವರೆ. ಆ ಕುರ್ಚಿ ಬೇಡ,
ಅದರ ಕಾಲು ಸಡಿಲ. ಇಲ್ಲಿ, ಕಿಟಕಿಯ ಬಳಿ.
ಚಹಾ ಆರುವ ಮುಂಚೆ ಇನ್ನೊಮ್ಮೆ ಹೇಳಿ,
ಈ ಸಲ ನೆಲ ನೋಡದೆ ಹೇಳಿ:
ನನ್ನ ಗಂಡನ ಶ್ವಾಸಕೋಶ, ಎರಡೂ,
ಇಪ್ಪತ್ತೆರಡು ವರ್ಷದಿಂದ
ನಿಮ್ಮ ಆಸ್ಪತ್ರೆಯ ನೆಲಮಾಳಿಗೆಯಲ್ಲಿವೆ.

ಬಿಳಿ ಬಕೆಟ್ಟು, ಅಂದಿರಿ. ಮುಚ್ಚಳ ಭದ್ರ, ಅಂದಿರಿ.
ಆ 'ಭದ್ರ'ವನ್ನು ಕಾರಿನಲ್ಲಿ ದಾರಿಯುದ್ದಕ್ಕೂ
ಬಾಯಿಪಾಠ ಮಾಡಿಕೊಂಡು ಬಂದಿರೇನೋ, ಪಾಪ.

ನಾನು ಗ್ರಿಮ್ಸ್‌ಬಿಯ ಹಡಗುಕಟ್ಟೆಯಲ್ಲಿ
ಮೂವತ್ತೊಂದು ವರ್ಷ ಮೀನು ಸೀಳಿದವಳು.
ಕತ್ತಿ ಎಲ್ಲಿ ಇಳಿಯಬೇಕು, ಎಲ್ಲಿ ಹೊರಳಬೇಕು
ನಿಮ್ಮ ಡಾಕ್ಟರಷ್ಟೇ ನನ್ನ ಕೈಗೂ ಗೊತ್ತು.
ಕೊಯ್ಯುವುದಕ್ಕೆ ಹೇಸುವವಳಲ್ಲ.
ಆದರೆ ನಮ್ಮಲ್ಲಿ ಪೆಟ್ಟಿಗೆಗೊಂದು ಚೀಟಿ:
ಯಾವ ದೋಣಿ, ಯಾವ ದಿನ, ಎಷ್ಟು ತೂಕ,
ಯಾರಿಗೆ ಎಷ್ಟು ಸಲ್ಲಬೇಕು.
ಒಂದು ಕಾಡ್ ಮೀನಿಗಿದ್ದ ಲೆಕ್ಕ...

ಹೋಗಲಿ. ವಿಲ್ಫ್‌ನ ಬಕೆಟ್ಟಿನ ಮೇಲೆ ಏನಿದೆ?
ನಂಬರು.
ಹೆಸರು ಬರೆದರೆ ಗೌಪ್ಯತೆಗೆ ಭಂಗವಂತೆ.
ನಗು ಬಂತು, ಕ್ಷಮಿಸಿ.

ನಿಮಗೆ ಗೊತ್ತಿರಲಾರದು, ದೋಣಿಯಲ್ಲಿ ಸಿಳ್ಳೆ ಹಾಕಬಾರದು.
ಹಾಕಿದರೆ ಗಾಳಿಗೆ ಕರೆ ಹೋಗುತ್ತದೆ,
ಬಿರುಗಾಳಿಯಾಗಿ ಅದು ಓಗೊಡುತ್ತದೆ.
ಮೂರು ವಾರ ಐಸ್‌ಲ್ಯಾಂಡಿನ ನೀರಿನಲ್ಲಿ
ತುಟಿ ಬಿಗಿಹಿಡಿದು ದುಡಿದವನು
ದಡ ಮುಟ್ಟಿದ್ದೇ ತಡ, ಬೀದಿಯ ತುದಿಯಿಂದಲೇ ಶುರು.
ಆ ಸಿಳ್ಳೆ ಕೇಳಿ ನಾನು ಕೆಟ್ಲು ಒಲೆಗಿಡುತ್ತಿದ್ದೆ.
ಒಂದು ಹಾಡೂ ಅವನಿಗೆ ಪೂರ್ತಿ ಬರುತ್ತಿರಲಿಲ್ಲ.
ಆಮೇಲೆ ಸಿಳ್ಳೆಯ ನಡುವೆ ಕೆಮ್ಮು ಬಂತು,
ಆಮೇಲೆ ಕೆಮ್ಮಿನ ನಡುವೆ ಸಿಳ್ಳೆ.

ನಾಲ್ವರು ಹೊತ್ತರು. ಅವನ ಅಣ್ಣ ಸಿರಿಲ್
ಹೆಗಲು ಬದಲಿಸುತ್ತ, 'ಇಷ್ಟು ಹಗುರವೇ' ಅಂದ.
ಕಾಯಿಲೆ ತಿಂದುಹಾಕಿತು, ಅಂದೆ.
ಕಾಯಿಲೆಯ ಮೇಲೆ ನಾನು ಹೊರಿಸಿದ ಆ ಕಳ್ಳತನ,
ಅದನ್ನು ಈಗ ಯಾರ ತಲೆಗೆ ಕಟ್ಟಲಿ?
ಸಿರಿಲ್ ಕೂಡ ಇಲ್ಲ, ಕರೆದು ತಿದ್ದಿ ಹೇಳಲು.

ಉಪಯೋಗಕ್ಕಾದರೂ ಬಂದವೇ?
ಯಾರೋ ವಿದ್ಯಾರ್ಥಿ ನೋಡಿರಬಹುದು.
ಒಂದು ಚೂರು, ಗಾಜಿನ ಪಟ್ಟಿಯ ಮೇಲೆ
ಬೇರೆ ಊರಿಗೆ ಹೋಗಿರಬಹುದು.
ನಿಮ್ಮ 'ಬಹುದು'ಗಳು ಬಹಳ, ಪ್ರಿಚೆಟ್ ಅವರೆ.

ಕೇಳಿದ್ದರೆ ಕೊಡುತ್ತಿದ್ದ. ಅದೇ ನನ್ನ ಹೊಟ್ಟೆಯುರಿ.
ಕುಡಿದು ಬಿದ್ದ ಯಾರೋ ನಾರ್ವೆಯವನಿಗೆ
ಜನವರಿಯ ರಾತ್ರಿ ಕೋಟು ಬಿಚ್ಚಿಕೊಟ್ಟು
ಹಲ್ಲು ಕಟಕಟಿಸುತ್ತ ಮನೆಗೆ ಬಂದು
ನನ್ನಿಂದ ಬೈಸಿಕೊಂಡವನು.
'ಇದರಿಂದ ಇನ್ನೊಬ್ಬನ ಉಸಿರು ನಿಲ್ಲುತ್ತದಾದರೆ
ತಗೊಳ್ಳಿ ಡಾಕ್ಟರೇ, ಬೂಟೂ ತಗೊಳ್ಳಿ' ಅನ್ನುತ್ತಿದ್ದ.
ಸಾಯುವ ಮುಂಚಿನ ವಾರ
ಅವನಿಗೆ ಕೊಡಲು ಏನೂ ಉಳಿದಿರಲಿಲ್ಲ,
ಅದಕ್ಕೇ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ.
ಒಬ್ಬರು ಬಂದು ಒಂದು ಮಾತು ಕೇಳಿದ್ದರೆ
ಈ ಕಡೆ ತಿರುಗುತ್ತಿದ್ದ.

ಕಾಗದ ತಂದಿದ್ದೀರಿ, ಕಾಣುತ್ತಿದೆ. ಮೂರು ಚೌಕ:
ವಾಪಸು ಮಾಡುವುದು, ಗೌರವದಿಂದ ಸುಡುವುದು,
ಸಂಶೋಧನೆಗೆ ಬಿಟ್ಟುಕೊಡುವುದು.
ಪೆನ್ನು ಒಳಗಿಡಿ. ಓದಿ ಹೇಳಬೇಡಿ, ಕೇಳಿ.
ಮೊದಲು ನನ್ನನ್ನಲ್ಲ.
ಅಗೋ, ಗೋಡೆಯ ಮೇಲೆ ಟೋಪಿ ವಾರೆಯಾದವನು,
ಅವನನ್ನು. ಹೆಸರು ಹಿಡಿದು.

ಸರಿ. ಇನ್ನು ಕಾಯಬೇಕು ನೀವು.
ಅವನು ತಟ್ಟನೆ ಉತ್ತರ ಕೊಟ್ಟವನೇ ಅಲ್ಲ.
ಮದುವೆಯಾಗುತ್ತೀಯಾ ಅಂತ ನಾನೇ ಕೇಳಿದಾಗ
ಒಂದು ಇಡೀ ಸಮುದ್ರಯಾನ ಮುಗಿಸಿ ಬಂದು
'ಆಗಲಿ' ಅಂದವನು.

ಗುರುವಾರ ಬನ್ನಿ. ಬುಧವಾರ ನನಗೆ ಹಲ್ಲಿನ ಡಾಕ್ಟರು.
ಅಲ್ಲಿಯವರೆಗೆ ಬಕೆಟ್ಟಿಗೆ ಒಂದು ಚೀಟಿ ಅಂಟಿಸಿ.
ಯಂತ್ರದ ಅಕ್ಷರ ಬೇಡ, ನಿಮ್ಮ ಕೈಬರಹ ಸಾಕು.
ವಿಲ್ಫ್ರೆಡ್ ಥರ್ಸ್‌ಬಿ.
ತಡೀರಿ, ಸ್ಪೆಲಿಂಗ್ ಬರೆದುಕೊಡುತ್ತೇನೆ.